ಆರಂಭಶೂರನ ಹನ್ನೊಂದು ದಿನ: ಅಣ್ಣನ ತೂಕದ ಕೇಸ್

ನಮ್ಮ ಮನೆಯಲ್ಲಿ ಅಣ್ಣನಿಗೆ ಆರಂಭಶೂರ ಅಂತ ಹೆಸರು. ಬಿರುದು ಕೊಟ್ಟದ್ದು ಅತ್ತಿಗೆ, ನಗುತ್ತಾ ಒಪ್ಪಿಕೊಂಡದ್ದು ಅವನೇ. ಎರಡು ವರ್ಷದಲ್ಲಿ ನಾಲ್ಕು ಸಲ ತೂಕ ಇಳಿಸಲು ಶುರು ಮಾಡಿದ್ದ. ನಾಲ್ಕೂ ಸಲ ಒಂದು ತಿಂಗಳೊಳಗೆ ಬಿಟ್ಟಿದ್ದ. ಐದನೇ ಸಲ ಶುರು ಮಾಡುವಾಗ ನನ್ನ ಕೈಗೆ ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟು, "ಈ ಸಲ ಲೆಕ್ಕ ನೀನು ನೋಡ್ಕೋ, ನನ್ನ ಮೇಲೆ ನನಗೇ ನಂಬಿಕೆ ಇಲ್ಲ" ಅಂದ. ಈಗ ಹದಿನಾಲ್ಕು ತಿಂಗಳಾಗಿದೆ, ನೋಟ್‌ಬುಕ್ ಮುಗಿಯುತ್ತಾ ಬಂದಿದೆ. ಅದನ್ನು ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಡಯಟಿಷಿಯನ್ನೂ ಅಲ್ಲ. ಕಂಪನಿಗಳ ಲೆಕ್ಕಪತ್ರ ತಪಾಸಣೆ ಮಾಡುವವಳು. ಎಲ್ಲಿ ಅಂಕಿ ತಾಳೆಯಾಗುತ್ತಿಲ್ಲ ಅಂತ ಹುಡುಕುವುದು ನನ್ನ ಹೊಟ್ಟೆಪಾಡು, ಇಲ್ಲೂ ಅದನ್ನೇ ಮಾಡಿದ್ದೇನೆ. ಬರೆಯಲು ಅಣ್ಣನ ಒಪ್ಪಿಗೆ ಇದೆ. ಹೆಸರು ಮಾತ್ರ ಹಾಕಬೇಡ ಅಂದಿದ್ದಾನೆ.

ಶುರುವಿನ ಅಂಕಿಗಳು ಹೀಗಿದ್ದವು. ವಯಸ್ಸು 43, ಎತ್ತರ 171 ಸೆಂಟಿಮೀಟರ್, ತೂಕ 94.6 ಕಿಲೋ, ಸೊಂಟದ ಸುತ್ತಳತೆ 108 ಸೆಂಟಿಮೀಟರ್. ಎತ್ತರಕ್ಕೆ ತೂಕ ಎಷ್ಟಿದೆ ಅಂತ ಹೇಳುವ ಬಿಎಂಐ 32 ದಾಟಿತ್ತು. ರಕ್ತದೊತ್ತಡ 138/88. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 6.1 ಬಂದಿತ್ತು, ಅಂದರೆ ಇನ್ನೂ ಸಕ್ಕರೆ ಕಾಯಿಲೆ ಅಲ್ಲ, ಆದರೆ ಅದರ ಹೊಸ್ತಿಲಲ್ಲಿ. ಡಾಕ್ಟರ್ ಹೆದರಿಸಲಿಲ್ಲ. ಈಗಿರುವ ತೂಕದಲ್ಲಿ ಶೇಕಡ 7ರಷ್ಟು ಇಳಿಸಿ, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ, ಸದ್ಯಕ್ಕೆ ಮಾತ್ರೆ ಬೇಡ ಅಂದರು. ಈ ಎರಡು ಅಂಕಿ ಅವರ ಬಾಯಿಗೆ ಸುಮ್ನೆ ಬಂದದ್ದಲ್ಲ. ಅಮೆರಿಕದಲ್ಲಿ ಸಕ್ಕರೆ ಕಾಯಿಲೆ ತಡೆಯುವ ಬಗ್ಗೆ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ಒಂದು ದೊಡ್ಡ ಪ್ರಯೋಗ ನಡೆದು, 2002ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಹೊಸ್ತಿಲಲ್ಲಿದ್ದವರಿಗೆ ಇದೇ ಎರಡು ಗುರಿ ಕೊಟ್ಟಿದ್ದರು, ಅವರಲ್ಲಿ ಕಾಯಿಲೆ ಬರುವ ಪ್ರಮಾಣ ಶೇಕಡ 58ರಷ್ಟು ಕಡಿಮೆಯಾಗಿತ್ತು. ಅಣ್ಣನ ಮಟ್ಟಿಗೆ ಶೇಕಡ 7 ಅಂದರೆ ಆರೂವರೆ ಕಿಲೋ ಚಿಲ್ಲರೆ. ಅವನಿಗೆ ಇದು ಅವಮಾನ ಆದ ಹಾಗಿತ್ತು. ಅವನ ತಲೆಯಲ್ಲಿದ್ದದ್ದು 70 ಕಿಲೋ, ಕಾಲೇಜಿನ ದಿನದ ತೂಕ, ಅದೂ ಆರು ತಿಂಗಳಲ್ಲಿ.

ಮೊದಲ ದಿನವೇ ನಾನು ಕೇಳಿದ್ದು ಹಳೇ ಲೆಕ್ಕ. ಹಿಂದಿನ ನಾಲ್ಕು ಸಲ ಏನಾಯಿತು? "ಹುಮ್ಮಸ್ಸು ಹೋಯ್ತು ಕಣೇ, ಇನ್ನೇನು" ಅಂದ. ಈ ಉತ್ತರ ನನಗೆ ಸಾಲಲಿಲ್ಲ. ಆಫೀಸಿನಲ್ಲಿ ಯಾರಾದರೂ "ದುಡ್ಡು ಹೋಯ್ತು" ಅಂದರೆ ನಾವು ಬಿಡುವುದಿಲ್ಲ, ಯಾವ ತಾರೀಖು, ಯಾವ ವೋಚರ್ ಅಂತ ಕೇಳುತ್ತೇವೆ. ಅವನ ಫೋನಿನಲ್ಲಿ ಹೆಜ್ಜೆ ಎಣಿಸುವ ಆ್ಯಪ್ ಇತ್ತು, ಕ್ಯಾಲೊರಿ ಬರೆಯುವ ಆ್ಯಪ್ ಇತ್ತು, ಜಿಮ್‌ನವರು ಕಳಿಸಿದ ಹಾಜರಿ ಮೆಸೇಜುಗಳಿದ್ದವು. ಒಂದು ಭಾನುವಾರ ಕೂತು ಎಲ್ಲ ತೆಗೆದೆವು.

ಒಂದನೇ ಸಲ ಜಿಮ್, 20 ದಿನ. ಎರಡನೇ ಸಲ ಸಿಹಿ, ಕರಿದದ್ದು, ಧಾನ್ಯ ಎಲ್ಲ ಬಂದ್, 17 ದಿನ. ಮೂರನೇ ಸಲ ಕ್ಯಾಲೊರಿ ಲೆಕ್ಕ, 23 ದಿನ. ನಾಲ್ಕನೇ ಸಲ ದಿನಕ್ಕೆ 10,000 ಹೆಜ್ಜೆ, 19 ದಿನ. ನಿಂತ ದಿನ ಏನಾಗಿತ್ತು ಅಂತ ನೋಡಿದರೆ ಒಂದು ಸಲ ಮಗಳಿಗೆ ಜ್ವರ, ಒಂದು ಸಲ ಮನೆಗೆ ನೆಂಟರು, ಒಂದು ಸಲ ಆಫೀಸಿನಲ್ಲಿ ರಾತ್ರಿ ಹತ್ತರವರೆಗೆ ಕೆಲಸ, ಒಂದು ಸಲ ಬರೀ ಮಳೆ. ಇವೆಲ್ಲ ಒಂದು ದಿನದ ಕಾರಣಗಳು. ಜ್ವರ ಮೂರು ದಿನಕ್ಕೆ ಇಳಿಯಿತು, ಮಳೆ ಮಾರನೇ ದಿನ ನಿಂತಿತು. ಅಣ್ಣ ಮಾತ್ರ ಮತ್ತೆ ಶುರು ಮಾಡಿದ್ದು ತಿಂಗಳುಗಳ ಮೇಲೆ. ಇನ್ನೊಂದು ವಿಷಯ ನನ್ನ ಕಣ್ಣಿಗೆ ಬಿತ್ತು. ತಪ್ಪುವ ಹಿಂದಿನ ದಿನದವರೆಗೂ ಅವನ ಅಂಕಿಗಳು ಚೆನ್ನಾಗಿಯೇ ಇದ್ದವು, ನಾಲ್ಕನೇ ಸಲವಂತೂ ಮಳೆಯ ಹಿಂದಿನ ದಿನ 12,400 ಹೆಜ್ಜೆ. ಹುಮ್ಮಸ್ಸು ಮೆಲ್ಲಮೆಲ್ಲಗೆ ಸೋರಿ ಹೋಗಿದ್ದರೆ ಅಂಕಿಯೂ ಇಳಿಯುತ್ತಾ ಬರಬೇಕಿತ್ತು, ಅಲ್ವಾ? ಇಲ್ಲಿ ಹಾಗಾಗಿರಲಿಲ್ಲ. ಒಂದು ದಿನ ತಪ್ಪಿತ್ತು, ಆಮೇಲೆ ಪೂರ್ತಿ ಕತ್ತಲೆ.

ಹಾಗಂತ ನನಗೆ ಆಗಲೇ ಎಲ್ಲ ಹೊಳೆಯಿತು ಅಂತಲ್ಲ. ಹಳೇ ತಪ್ಪನ್ನೇ ಐದನೇ ಸಲವೂ ಮಾಡಿದೆವು, ಈ ಸಲ ನಾನೂ ಸೇರಿಕೊಂಡು. ನೋಟ್‌ಬುಕ್‌ನ ಮೊದಲ ಪುಟದಲ್ಲಿ 21 ಚೌಕ ಗೀಚಿ, ದಿನಕ್ಕೊಂದು ಟಿಕ್ ಹಾಕೋಣ, 21 ದಿನ ಮಾಡಿದರೆ ಅಭ್ಯಾಸ ಆಗಿಬಿಡುತ್ತೆ ಅಂದುಕೊಂಡೆವು. ಈ 21ರ ಮೂಲ ನನಗೆ ಆಮೇಲೆ ಗೊತ್ತಾಯಿತು. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅಂತ ಒಬ್ಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದದ್ದು. ಮೂಗು ಸರಿಮಾಡಿಸಿಕೊಂಡವರಿಗೆ ಹೊಸ ಮುಖಕ್ಕೆ ಹೊಂದಿಕೊಳ್ಳಲು, ಕೈಯೋ ಕಾಲೋ ಕಳೆದುಕೊಂಡವರಿಗೆ ಆ ಇಲ್ಲದಿರುವುದಕ್ಕೆ ಹೊಂದಿಕೊಳ್ಳಲು ಕಡಿಮೆ ಅಂದರೂ 21 ದಿನ ಬೇಕಾಗುತ್ತೆ ಅಂತ ಅವರು ಗಮನಿಸಿದ್ದರು. ವಾಕಿಂಗ್‌ಗೂ ಅದಕ್ಕೂ ಸಂಬಂಧ ಇಲ್ಲ. ಅಭ್ಯಾಸದ ಮೇಲೆ ಸರಿಯಾಗಿ ಅಳತೆ ಮಾಡಿದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಜೊತೆಗಾರರು. 96 ಜನ ಒಂದೊಂದು ಹೊಸ ಅಭ್ಯಾಸ ಆರಿಸಿಕೊಂಡಿದ್ದರು, ಅದು ತನ್ನಷ್ಟಕ್ಕೆ ನಡೆಯುವ ಹಂತಕ್ಕೆ ಬರಲು ಸುಮಾರು 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಿತ್ತು, ಲೆಕ್ಕದ ಪ್ರಕಾರ ಕೆಲವರಿಗೆ 254 ದಿನ ಬೇಕಿತ್ತು. ಆ ಅಧ್ಯಯನದಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಇನ್ನೊಂದು ಮಾತು. ಮಧ್ಯೆ ಒಂದು ದಿನ ತಪ್ಪಿದರೆ ಅಭ್ಯಾಸ ಕಟ್ಟುವುದಕ್ಕೆ ಹೇಳಿಕೊಳ್ಳುವಂಥ ತೊಂದರೆ ಆಗಲಿಲ್ಲ. ನಮ್ಮ 21 ಚೌಕದಲ್ಲಿ ಒಂದು ಖಾಲಿ ಬಿದ್ದರೆ ಇಡೀ ಪುಟವೇ ಹಾಳು ಅನ್ನಿಸುತ್ತಿತ್ತಲ್ಲ, ಅದಕ್ಕೆ ನೇರ ಉತ್ತರ ಇದು.

ಅದಕ್ಕೂ ಮೊದಲು ನಡೆದ ಇನ್ನೊಂದು ಗಲಾಟೆ ಹೇಳಬೇಕು. ಮೊದಲ ಎರಡು ವಾರದಲ್ಲಿ ತೂಕ 94.6ರಿಂದ 92.1ಕ್ಕೆ ಬಂತು. ಎರಡೂವರೆ ಕಿಲೋ! ಅಣ್ಣ ಬೆಲ್ಟ್ ತೋರಿಸುತ್ತಾ ಓಡಾಡಿದ. ಮೂರನೇ ವಾರ ಇಳಿದದ್ದು 200 ಗ್ರಾಂ. ನಾಲ್ಕನೇ ವಾರ 400 ಗ್ರಾಂ ಏರಿತು. ಭಾನುವಾರ ಬೆಳಿಗ್ಗೆ ತೂಕದ ಮಷಿನ್ನನ್ನು ಕಾಲಿನಿಂದಲೇ ಮಂಚದ ಕೆಳಗೆ ತಳ್ಳಿದ ಸದ್ದು ಪಕ್ಕದ ರೂಮಿನಲ್ಲಿದ್ದ ನನಗೆ ಕೇಳಿಸಿತು. ಕೂತು ಲೆಕ್ಕ ಹಾಕಿದೆವು. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ. ಅವನು ದಿನಕ್ಕೆ ಹೆಚ್ಚೆಂದರೆ 500 ಕಡಿಮೆ ಮಾಡಿದ್ದ. ಎರಡು ವಾರಕ್ಕೆ 7,000, ಅಂದರೆ ಒಂದು ಕಿಲೋಗೂ ಸ್ವಲ್ಪ ಕಡಿಮೆ ಕೊಬ್ಬು. ಉಳಿದ ಒಂದೂವರೆ ಕಿಲೋ ಎಲ್ಲಿಂದ ಹೋಯಿತು? ಹೆಚ್ಚಿನದು ನೀರು. ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೊಜನ್ ಅಂತ ಕೂಡಿಟ್ಟ ಸಕ್ಕರೆ ಇರುತ್ತೆ, ಅದರ ಒಂದೊಂದು ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು. ಊಟ ಕಡಿಮೆಯಾದಾಗ ಮೊದಲು ಖರ್ಚಾಗುವುದು ಈ ದಾಸ್ತಾನು, ಜೊತೆಗೆ ನೀರೂ ಹೋಗುತ್ತೆ. ಒಂದು ಉಪ್ಪಿನ ಊಟ, ಒಂದು ಹೊಟ್ಟೆ ತುಂಬ ಊಟ ಆದರೆ ನೀರು ವಾಪಸ್. ಅಂದರೆ ಮೊದಲ ಎರಡು ವಾರ ಮಷಿನ್ ಅವನನ್ನು ಸುಮ್ನೆ ಹೊಗಳಿತ್ತು, ಆಮೇಲೆ ಎರಡು ವಾರ ಸುಮ್ನೆ ಬೈದಿತ್ತು. ಲೆಕ್ಕ ಅರ್ಥವಾದ ಮೇಲೆ ಅವನ ಕೋಪ ಇಳಿಯಿತು, ಬೇಜಾರು ಇಳಿಯಲಿಲ್ಲ. ಅಂದಿನಿಂದ ಒಂದೊಂದು ದಿನದ ತೂಕ ನೋಡುವುದು ಬಿಟ್ಟು ವಾರದ ಸರಾಸರಿ ಬರೆಯಲು ಶುರು ಮಾಡಿದೆವು.

ಆರನೇ ವಾರ ಬಂತು ನೋಡಿ ಅಸಲಿ ಪರೀಕ್ಷೆ. ಹತ್ತಿರದವರ ಮದುವೆ. ಅಣ್ಣ ಚೆನ್ನಾಗಿಯೇ ಉಂಡ, ಉಣ್ಣಬೇಕು ಕೂಡ. ಸಂಜೆ ವಾಕಿಂಗ್ ಆಗಲಿಲ್ಲ. ಮಾರನೇ ದಿನ ಮನೆಯಲ್ಲಿ ಉಳಿದ ಸಿಹಿ ಇತ್ತು, "ಇವತ್ತು ಹೇಗೂ ಕೆಟ್ಟಿದೆ, ಸೋಮವಾರದಿಂದ ಸರಿಯಾಗಿ ಶುರು ಮಾಡ್ತೀನಿ" ಅಂದ. ಮುಳುಗಿದವನಿಗೆ ಚಳಿಯೇನು ಮಳೆಯೇನು ಅಂತಾರಲ್ಲ, ಅದೇ. ಸೋಮವಾರ ಬಂತು, ಹೋಯಿತು. ನೋಟ್‌ಬುಕ್‌ನಲ್ಲಿ ಹನ್ನೊಂದು ಸಾಲು ಖಾಲಿ. ನಾನು ಬೇಕೆಂದೇ ಒಂದಕ್ಕೂ ಗೆರೆ ಎಳೆಯದೆ ಬಿಟ್ಟೆ. ತೂಕ 93.8ಕ್ಕೆ ಹೋಗಿತ್ತು.

ಈ "ಹೇಗೂ ಕೆಟ್ಟಿದೆ" ಅನ್ನುವ ಬುದ್ಧಿ ಅಣ್ಣನದೊಂದೇ ಅಲ್ಲ. ಹರ್ಮನ್ ಮತ್ತು ಮ್ಯಾಕ್ ಅನ್ನುವ ಮನಶ್ಶಾಸ್ತ್ರಜ್ಞರು 1975ರಲ್ಲಿ ಇದರ ಮೇಲೆ ಒಂದು ಚಂದದ ಪ್ರಯೋಗ ಮಾಡಿದ್ದರು. ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಐಸ್‌ಕ್ರೀಮ್ ರುಚಿ ನೋಡಿ ಅಂತ ಎದುರಿಗಿಟ್ಟರು. ಊಟದ ಬಗ್ಗೆ ತಲೆಕೆಡಿಸಿಕೊಳ್ಳದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಮ್ ಕಡಿಮೆ ತಿಂದರು, ಹೊಟ್ಟೆ ತುಂಬಿದೆಯಲ್ಲ. ಸದಾ ಬಾಯಿಗೆ ಕಡಿವಾಣ ಹಾಕಿಕೊಂಡಿದ್ದವರು ಮಾತ್ರ ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಮನ್ನೂ ಜಾಸ್ತಿ ತಿಂದರು. ನಿಯಮ ಹೇಗೂ ಮುರಿಯಿತು, ಇನ್ನೇನು ತಡೆ? ಕಟ್ಟುನಿಟ್ಟು ಜಾಸ್ತಿಯಾದಷ್ಟೂ ಮುರಿದಾಗ ಬೀಳುವುದೂ ಜೋರು.

ಹನ್ನೊಂದನೇ ದಿನ ರಾತ್ರಿ ನಾನು ನೋಟ್‌ಬುಕ್ ತೆಗೆದು ಹಳೇ ನಾಲ್ಕು ಸಲದ ತಾರೀಖುಗಳನ್ನೂ ಪಕ್ಕದಲ್ಲಿ ಬರೆದೆ. "ಅಣ್ಣ, ನಿನಗೆ ಶುರು ಮಾಡೋದು ಬರುತ್ತೆ. ಮುಂದುವರಿಸೋದೂ ಬರುತ್ತೆ, ಇಪ್ಪತ್ತು ದಿನ ಮಾಡಿದ್ದೀಯ. ನಿನಗೆ ಬರದೇ ಇರೋದು ತಪ್ಪಿದ ಮೇಲೆ ವಾಪಸ್ ಬರೋದು" ಅಂದೆ. ಅವನು ಸ್ವಲ್ಪ ಹೊತ್ತು ಪುಟ ನೋಡಿ, "ಹಾಗಾದ್ರೆ ಅದನ್ನೇ ಬರಿ" ಅಂದ. ಚೌಕಗಳಿಗೆ ಅಡ್ಡಗೆರೆ ಎಳೆದೆವು. ಹೊಸ ಪುಟದಲ್ಲಿ ಹೊಸ ಕಾಲಂ ಹಾಕಿದೆ: ತಪ್ಪಿ ಎಷ್ಟನೇ ದಿನಕ್ಕೆ ಬಂದ. ಮೊದಲ ಅಂಕಿ 11.

ಇಡೀ ಕೇಸಿನಲ್ಲಿ ನಿಜವಾಗಿ ಬದಲಾದದ್ದು ಈ ಒಂದು ಕಾಲಂ. ಸತತ ಎಷ್ಟು ದಿನ ಅಂತ ಎಣಿಸುವಾಗ ದಿನ ಕಳೆದಷ್ಟೂ ಹೆದರಿಕೆ ಜಾಸ್ತಿ, 19ನೇ ದಿನ ತಪ್ಪಿದರೆ 19 ದಿನದ ಗಂಟು ಹೋದ ಹಾಗೆ. ವಾಪಸ್ ಬರುವುದನ್ನು ಎಣಿಸಿದರೆ ತಪ್ಪಿದ ದಿನವೂ ಆಟದ ಒಳಗೇ ಇರುತ್ತೆ. ಇವತ್ತು ತಪ್ಪಿತು, ನಾಳೆ ಬಂದರೆ 1. ನಾಳಿದ್ದು ಬಂದರೆ 2. ಸೋಮವಾರಕ್ಕೆ ಕಾಯುವುದು ಈಗ ಖರ್ಚಿನ ಬಾಬ್ತು.

ವಾಪಸ್ ಬರುವ ದಿನ ಪೂರ್ತಿ ವಾಕಿಂಗ್ ಬೇಡ, ಹತ್ತು ನಿಮಿಷ ಸಾಕು ಅಂತ ನಿಯಮ ಮಾಡಿಕೊಂಡೆವು. ಇದಕ್ಕೆ ಅಣ್ಣ ಮೊದಲು ಒಪ್ಪಲಿಲ್ಲ. ತಪ್ಪಿದ ಮೇಲೆ ದಂಡ ಕಟ್ಟಬೇಕು, ಡಬಲ್ ನಡೆಯಬೇಕು ಅನ್ನುವುದು ಅವನ ಲೆಕ್ಕ. ದಂಡ ಇರುವ ಕಡೆಗೆ ಯಾರು ಖುಷಿಯಿಂದ ವಾಪಸ್ ಹೋಗುತ್ತಾರೆ? ಲೈಬ್ರರಿ ಪುಸ್ತಕ ತಡವಾದರೆ ಇನ್ನೂ ತಡ ಮಾಡುವ ಜನ ನಾವು.

ಇನ್ನು ಶೂ ವಿಷಯ. ಅಣ್ಣ ಸಂಜೆ ಆರೂವರೆಗೆ ಆಫೀಸಿನಿಂದ ಬರುತ್ತಾನೆ. ಬ್ಯಾಗನ್ನು ಸೋಫಾ ಮೇಲೆ ಹಾಕುತ್ತಾನೆ, ಪಕ್ಕದಲ್ಲಿ ತಾನೂ ಕೂರುತ್ತಾನೆ, ಫೋನ್ ತೆಗೆಯುತ್ತಾನೆ. ಕೂತ ಮೇಲೆ ಏಳುವುದು ಇಲ್ಲ. ವಾಕಿಂಗ್ ಶೂ ಇದ್ದದ್ದು ಒಳಗಿನ ಕಪಾಟಿನಲ್ಲಿ, ಡಬ್ಬಿಯೊಳಗೆ, ಹೊಸದಾಗಿಯೇ ಇರಲಿ ಅಂತ. ಪೀಟರ್ ಗೋಲ್‌ವಿಟ್ಜರ್ ಅನ್ನುವ ಮನಶ್ಶಾಸ್ತ್ರಜ್ಞ 1990ರ ದಶಕದಿಂದ ಹೇಳುತ್ತಾ ಬಂದ ಒಂದು ಸರಳ ಉಪಾಯ ಇದೆ. "ವ್ಯಾಯಾಮ ಮಾಡ್ತೀನಿ" ಅಂದುಕೊಳ್ಳುವ ಬದಲು "ಇಂಥದ್ದು ಆದ ಕೂಡಲೇ ಇಂಥದ್ದು ಮಾಡ್ತೀನಿ" ಅಂತ ಮೊದಲೇ ಗಂಟು ಹಾಕಿಡುವುದು. ನಾವು ಹಾಕಿದ ಗಂಟು: ಬ್ಯಾಗ್ ಕೆಳಗಿಟ್ಟ ಕೂಡಲೇ ಶೂ. ಬ್ಯಾಗ್ ಇಡಲು ಬಾಗಿಲ ಪಕ್ಕ ಒಂದು ಸ್ಟೂಲ್, ಸ್ಟೂಲ್ ಕೆಳಗೆ ಶೂ, ಶೂ ಒಳಗೆ ಕಾಲುಚೀಲ. ಮೊದಲ ವಾರ ಒಂದು ದಿನ ನಾನು ಹೋದಾಗ ಅಣ್ಣ ಒಂದು ಕಾಲಿಗೆ ಶೂ ಹಾಕಿ, ಇನ್ನೊಂದು ಬರಿಗಾಲಿನಲ್ಲಿ, ಸೋಫಾ ಮೇಲೆ ಕೂತು ಫೋನ್ ನೋಡುತ್ತಿದ್ದ. ಲೇಸ್ ನೆಲಕ್ಕೆ ಬಿದ್ದಿತ್ತು. ಇಪ್ಪತ್ತು ನಿಮಿಷದಿಂದ ಹಾಗೇ ಕೂತಿದ್ದಾರೆ ಅಂತ ಅತ್ತಿಗೆ ಅಡುಗೆಮನೆಯಿಂದ ಕಣ್ಣಲ್ಲೇ ಹೇಳಿದರು. ನಾನು ಏನೂ ಅನ್ನಲಿಲ್ಲ. ಕೊನೆಗೆ ಅವನೇ, "ಒಂದು ಹಾಕಿದ್ದೀನಿ, ಬಿಚ್ಚೋದೂ ಒಂದು ಕೆಲಸವೇ" ಅಂತ ಇನ್ನೊಂದನ್ನೂ ಹಾಕಿಕೊಂಡು ಹೊರಟ. ಛಲ, ಗುರಿ, ಸ್ಫೂರ್ತಿ ಅಂತ ಏನೇನೋ ಓದಿದ್ದೆ, ಆ ದಿನ ಅವನನ್ನು ಮನೆಯಿಂದ ಹೊರಗೆ ಹಾಕಿದ್ದು ಬಿಚ್ಚುವ ಸೋಮಾರಿತನ.

ಹತ್ತು ಸಾವಿರ ಹೆಜ್ಜೆಯನ್ನೂ ಕೈಬಿಟ್ಟೆವು. ಆ ಅಂಕಿ ಹುಟ್ಟಿದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಜೊತೆ. ಯಂತ್ರದ ಹೆಸರೇ "ಹತ್ತು ಸಾವಿರ ಹೆಜ್ಜೆ ಮೀಟರ್" ಅಂತ. 2019ರಲ್ಲಿ ಅಮೆರಿಕದಲ್ಲಿ ಸುಮಾರು 17 ಸಾವಿರ ವಯಸ್ಸಾದ ಹೆಂಗಸರ ಮೇಲೆ ಪ್ರಕಟವಾದ ಅಧ್ಯಯನದಲ್ಲಿ ಸಾವಿನ ಅಪಾಯ ತಗ್ಗುವುದು 7,500 ಹೆಜ್ಜೆಯ ಹತ್ತಿರ ನಿಂತುಬಿಟ್ಟಿತ್ತು, ಅದರ ಮೇಲೆ ನಡೆದವರಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಅಣ್ಣ 70 ವರ್ಷದ ಹೆಂಗಸಲ್ಲ ನಿಜ, ಆದರೆ 10,000ಕ್ಕೆ 300 ಹೆಜ್ಜೆ ಕಡಿಮೆ ಅಂತ ರಾತ್ರಿ ಹನ್ನೊಂದಕ್ಕೆ ರೂಮಿನಲ್ಲಿ ಸುತ್ತುವುದರಲ್ಲಿ ಅರ್ಥ ಇರಲಿಲ್ಲ. ವಾರಕ್ಕೆ 150 ನಿಮಿಷ, ಅಷ್ಟೇ. ಯಾವ ದಿನ ಎಷ್ಟು ಅನ್ನುವುದು ಅವನಿಗೆ ಬಿಟ್ಟದ್ದು.

ಊಟದ ಕಡೆ ನಾವು ಮಾಡಿದ್ದು ಕಡಿಮೆ, ಹಾಗಾಗಿ ಇಲ್ಲೂ ಕಡಿಮೆ ಬರೆಯುತ್ತೇನೆ. ರಾತ್ರಿ ತಟ್ಟೆಯ ಅರ್ಧ ತರಕಾರಿ, ಎರಡನೇ ಸಲ ಬಡಿಸಿಕೊಳ್ಳುವ ಮೊದಲು ಹತ್ತು ನಿಮಿಷ ತಡೆಯುವುದು, ಪ್ರತಿ ಊಟದಲ್ಲೂ ಕಾಳೋ ಮೊಟ್ಟೆಯೋ ಮೊಸರೋ ಏನಾದರೂ ಪ್ರೋಟೀನ್. ಯಾವುದನ್ನೂ ಪೂರ್ತಿ ಬಂದ್ ಮಾಡಲಿಲ್ಲ.

ಬಿಸ್ಕೆಟ್ ಮಾತ್ರ ಪ್ರತ್ಯೇಕ ಕಥೆ. ಆಫೀಸಿನಲ್ಲಿ ಚಹಾ ಜೊತೆ ದಿನಕ್ಕೆ ಮೂರೋ ನಾಲ್ಕೋ ಬಿಸ್ಕೆಟ್ ಅಂತ ಹೇಳುತ್ತಿದ್ದ, ಅದನ್ನೇ ನಂಬಿ ಬರೆಯುತ್ತಿದ್ದೆ. ಆಮೇಲೆ ತಪಾಸಣೆ ಬುದ್ಧಿ ಕೆದಕಿತು. "ಎಷ್ಟು ತಿಂದೆ ಅಂತ ಹೇಳಬೇಡ, ವಾರಕ್ಕೆ ಎಷ್ಟು ಪ್ಯಾಕೆಟ್ ತಗೊಂಡೆ ಹೇಳು" ಅಂದೆ. ಭಾಗಿಸಿ ನೋಡಿದರೆ ದಿನಕ್ಕೆ ಹತ್ತು! ಅಣ್ಣ ಸುಳ್ಳು ಹೇಳಿರಲಿಲ್ಲ, ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಎರಡನೇ ಡ್ರಾಯರ್ ಎಳೆಯುವುದು, ಕೈ ಹಾಕುವುದು, ಕಂಪ್ಯೂಟರ್ ಪರದೆಯಿಂದ ಕಣ್ಣು ತೆಗೆಯದೇ ತಿನ್ನುವುದು. ಅಮೆರಿಕದ ಲಿಕ್ಟ್‌ಮನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನ ಇದೆ. ಎಷ್ಟು ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ ಅನ್ನುತ್ತಿದ್ದವರನ್ನು ಅಳತೆ ಮಾಡಿ ನೋಡಿದಾಗ, ತಿಂದದ್ದನ್ನು ಅವರು ಸರಾಸರಿ ಶೇಕಡ 47ರಷ್ಟು ಕಡಿಮೆ ಹೇಳಿದ್ದರು, ಓಡಾಟವನ್ನು ಶೇಕಡ 51ರಷ್ಟು ಜಾಸ್ತಿ ಹೇಳಿದ್ದರು. ಅಣ್ಣನಿಗೆ ಇದನ್ನು ಓದಿ ಹೇಳಿದಾಗ ಅವನಿಗೆ ಸಮಾಧಾನವೇ ಆಯಿತು. ಬಿಸ್ಕೆಟ್ ಡಬ್ಬಿ ಈಗ ಆಫೀಸಿನ ಇನ್ನೊಂದು ಮೂಲೆಯಲ್ಲಿ ಕೂರುವ ಸಹೋದ್ಯೋಗಿಯ ಟೇಬಲ್ ಮೇಲಿದೆ. ಬೇಕಾದರೆ ಎದ್ದು ಹೋಗಿ ಕೇಳಿ ತಿನ್ನಬೇಕು. ದಿನಕ್ಕೆ ಮೂರು ಸಲ ಕೇಳಲು ನಾಚಿಕೆ.

ನನ್ನ ತಪ್ಪನ್ನೂ ಬರೆಯಬೇಕು, ಇಲ್ಲದಿದ್ದರೆ ಲೆಕ್ಕ ಸರಿ ಹೋಗುವುದಿಲ್ಲ. ಮೂರನೇ ತಿಂಗಳಲ್ಲಿ ನಾನು ಪೊಲೀಸ್ ಆಗಿಬಿಟ್ಟೆ. ದಿನಾ ಸಂಜೆ ಏಳಕ್ಕೆ "ಹೋದ್ಯಾ?" ಅಂತ ಮೆಸೇಜ್. ಉತ್ತರ ಬರದಿದ್ದರೆ ಅತ್ತಿಗೆಗೆ ಫೋನ್. ಒಂದು ದಿನ ಫೋನಿನ ಹೆಜ್ಜೆ ಲೆಕ್ಕಕ್ಕೂ ನೋಟ್‌ಬುಕ್‌ಗೂ ತಾಳೆ ನೋಡಿದರೆ ಎರಡು ದಿನ ಹೊಂದಲಿಲ್ಲ. "30 ನಿಮಿಷ" ಅಂತ ಬರೆದ ದಿನ ಅವನು ಮನೆಯಿಂದ ಕದಲೇ ಇರಲಿಲ್ಲ. ಆಫೀಸಿನಲ್ಲಿ ಆಗಿದ್ದರೆ ಕೆಂಪು ಪೆನ್ ತೆಗೆಯುತ್ತಿದ್ದೆ. ಅವತ್ತು ರಾತ್ರಿ ನಿದ್ದೆ ಬರದೆ ಯೋಚಿಸಿದಾಗ ಹೊಳೆಯಿತು. ನಲವತ್ತಮೂರು ವರ್ಷದ ಮನುಷ್ಯ ತಂಗಿಗೆ ಹೆದರಿ ಸುಳ್ಳು ಲೆಕ್ಕ ಬರೆಯುವ ಹಾಗೆ ಮಾಡಿದ್ದು ನಾನೇ. ಆ ವಿಷಯ ಅವನ ಮುಂದೆ ಎತ್ತಲೇ ಇಲ್ಲ, ಈಗ ಇದನ್ನು ಓದಿಯೇ ಅವನಿಗೆ ಗೊತ್ತಾಗುವುದು. ಮೆಸೇಜ್ ನಿಲ್ಲಿಸಿದೆ, ನೋಟ್‌ಬುಕ್ ಅವನ ಹತ್ತಿರವೇ ಬಿಟ್ಟೆ. "ಭಾನುವಾರ ನಾನೂ ನಡೀಬೇಕು, ಬರ್ತೀಯಾ?" ಅಂತ ಮಾತ್ರ ಕೇಳುತ್ತಿದ್ದೆ. ಹತ್ತರಲ್ಲಿ ಏಳು ಸಲ ಬಂದ. ಅತ್ತಿಗೆ ಮೊದಲಿನಿಂದಲೂ ಒಂದು ಮಾತೂ ಆಡಿರಲಿಲ್ಲ, ಶೂ ಪಕ್ಕ ನೀರಿನ ಬಾಟಲ್ ತುಂಬಿಸಿ ಇಡುತ್ತಿದ್ದರು ಅಷ್ಟೆ. ನನಗಿಂತ ಅವರಿಗೆ ಈ ಕೆಲಸ ಚೆನ್ನಾಗಿ ಗೊತ್ತಿತ್ತು.

ನಿದ್ದೆಯ ಕಾಲಂ ನಾಲ್ಕನೇ ತಿಂಗಳಲ್ಲಿ ಸೇರಿದ್ದು. ರಾತ್ರಿ ಹನ್ನೆರಡೂವರೆಗೆ ಮಲಗುತ್ತಿದ್ದ, ಹನ್ನೊಂದರ ಮೇಲೆ ಅಡುಗೆಮನೆಗೆ ಒಂದು ಸುತ್ತು ಖಾಯಂ. ಷಿಕಾಗೋದಲ್ಲಿ ಹತ್ತು ಜನರನ್ನು ಎರಡೆರಡು ವಾರ ಇಟ್ಟು ನೋಡಿ 2010ರಲ್ಲಿ ಪ್ರಕಟಿಸಿದ ಪ್ರಯೋಗ ಅವನಿಗೆ ತೋರಿಸಿದೆ. ಊಟದ ಕ್ಯಾಲೊರಿ ಎರಡೂ ಸಲ ಒಂದೇ. ರಾತ್ರಿ ಎಂಟೂವರೆ ಗಂಟೆ ಮಲಗಲು ಬಿಟ್ಟಾಗ 1.4 ಕಿಲೋ ಕೊಬ್ಬು ಹೋಯಿತು, ಐದೂವರೆ ಗಂಟೆ ಮಾತ್ರ ಬಿಟ್ಟಾಗ 0.6 ಕಿಲೋ. ಒಟ್ಟು ತೂಕ ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು, ನಿದ್ದೆಗೆಟ್ಟವರಲ್ಲಿ ಹೋದದ್ದು ಹೆಚ್ಚಾಗಿ ಸ್ನಾಯುವಿನ ಕಡೆಯದು. ಅಣ್ಣ ಹನ್ನೊಂದೂವರೆಗೆ ಬಂದಿದ್ದಾನೆ. ಅದಕ್ಕಿಂತ ಹಿಂದೆ ಬರುವುದಿಲ್ಲ, ಕ್ರಿಕೆಟ್ ಇದ್ದ ದಿನ ಅದೂ ಇಲ್ಲ.

ಆರನೇ ತಿಂಗಳಿಗೆ ತೂಕ 88.2. ಡಾಕ್ಟರ್ ಹೇಳಿದ ಶೇಕಡ 7ಕ್ಕೆ ಬಂದುಬಿಟ್ಟಿದ್ದ, ಬರೀ ಕಾಲು ಕಿಲೋ ಬಾಕಿ. ಅಲ್ಲಿಂದ ಹನ್ನೊಂದು ವಾರ ಸರಾಸರಿ ಕದಲಲಿಲ್ಲ. 88.2, 88.4, 88.0, 88.3, ಹೀಗೆ ಪುಟ ತುಂಬ. ಇದಕ್ಕೂ ಕಾರಣ ಇದೆ. ಹಗುರಾದ ದೇಹಕ್ಕೆ ಓಡಾಡಲು ಮೊದಲಿನಷ್ಟು ಶಕ್ತಿ ಬೇಡ. ಅದರ ಮೇಲೆ ದೇಹ ತಾನೂ ಖರ್ಚು ಬಿಗಿ ಮಾಡುತ್ತೆ. ಟಿವಿಯ ತೂಕ ಇಳಿಸುವ ಸ್ಪರ್ಧೆಯೊಂದರಲ್ಲಿ ವಿಪರೀತ ಇಳಿಸಿಕೊಂಡಿದ್ದ 14 ಜನರನ್ನು ಕೆವಿನ್ ಹಾಲ್ ತಂಡ ಆರು ವರ್ಷದ ನಂತರ ಪರೀಕ್ಷಿಸಿ 2016ರಲ್ಲಿ ವರದಿ ಮಾಡಿತು. ಸುಮ್ಮನೆ ಮಲಗಿದ್ದಾಗ ಅವರ ದೇಹ ಸುಡುತ್ತಿದ್ದದ್ದು ಅವರ ಗಾತ್ರಕ್ಕೆ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ. ಬಹಳಷ್ಟು ಮಂದಿಗೆ ಹೆಚ್ಚಿನ ತೂಕ ವಾಪಸ್ ಬಂದಿತ್ತು. ಅಣ್ಣನದು ಅಂಥ ವಿಪರೀತ ಅಲ್ಲ, ಆದರೆ ದಿಕ್ಕು ಅದೇ.

ಈ ಹನ್ನೊಂದು ವಾರ ಹಳೇ ಅಣ್ಣನಾಗಿದ್ದರೆ ಬಿಟ್ಟೇಬಿಡುತ್ತಿದ್ದ ಅಂತ ನನ್ನ ನಂಬಿಕೆ. ತಡೆದದ್ದು ಎರಡು. ಒಂದು, ಟೇಪು. ಮಷಿನ್ ನಿಂತಾಗಲೂ ಸೊಂಟ 100ರಿಂದ 98ಕ್ಕೆ ಬಂದಿತ್ತು, ವಾರಕ್ಕೆ ಎರಡು ದಿನ ದಂಡ, ಬಸ್ಕಿ, ಸಣ್ಣ ಡಂಬೆಲ್ ಶುರು ಮಾಡಿದ್ದರಿಂದ ಇರಬೇಕು. ಇನ್ನೊಂದು, ಏಳನೇ ತಿಂಗಳ ರಕ್ತ ಪರೀಕ್ಷೆ. ಎಚ್‌ಬಿಎ1ಸಿ 5.6, ರಕ್ತದೊತ್ತಡ 126/82. ಆ ಕಾಗದವನ್ನು ಮಡಚಿ ನೋಟ್‌ಬುಕ್ ರಟ್ಟಿನೊಳಗೆ ಸಿಕ್ಕಿಸಿದ್ದಾನೆ, ಯಾರು ಬಂದರೂ ತೋರಿಸುತ್ತಾನೆ. 70 ಕಿಲೋ ಮಾತು ಅದಾದ ಮೇಲೆ ಅವನ ಬಾಯಲ್ಲಿ ಕೇಳಿಲ್ಲ.

ಇದು ಒಬ್ಬನ ಕಥೆ. ಅಣ್ಣನಿಗೆ ಬೇರೆ ಕಾಯಿಲೆ ಇರಲಿಲ್ಲ, ಮನೆಯಲ್ಲಿ ಅಡುಗೆ ಮಾಡಿಕೊಡುವವರಿದ್ದರು, ಸಂಜೆ ಆರೂವರೆಗೆ ಮನೆ ಸೇರುವ ಕೆಲಸ ಇತ್ತು. ಮೂರು ಪಾಳಿಯಲ್ಲಿ ದುಡಿಯುವವರಿಗೆ ಶೂ-ಸ್ಟೂಲ್ ಉಪಾಯ ಹೇಳಿದರೆ ನಗುತ್ತಾರೆ. ಥೈರಾಯ್ಡ್, ಖಿನ್ನತೆ, ಕೆಲವು ಮಾತ್ರೆಗಳು, ಊಟದ ಜೊತೆಗೇ ಜಗಳ ಇರುವ ಮನಸ್ಸು, ಇಂಥವಿದ್ದರೆ ದಾರಿ ಬೇರೆ, ಅದಕ್ಕೆ ಡಾಕ್ಟರೇ ಬೇಕು. ಈಗ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್ ಥರದ ಔಷಧಿಗಳೂ ಇವೆ, 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 68 ವಾರಕ್ಕೆ ಸರಾಸರಿ ಶೇಕಡ 15ರ ಹತ್ತಿರ ತೂಕ ಇಳಿದಿತ್ತು. ಅದನ್ನು ತೆಗೆದುಕೊಳ್ಳುವವರನ್ನು ಅಡ್ಡದಾರಿ ಹಿಡಿದವರು ಅಂತ ಆಡಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಹಸಿವಿನ ಜೊತೆ ಗುದ್ದಾಡುವುದರಲ್ಲಿ ಅಂಥ ದೊಡ್ಡಸ್ತಿಕೆ ಏನಿದೆ?

ಈಗಿನ ಲೆಕ್ಕ. ಅತಿ ಕಡಿಮೆ ತೂಗಿದ್ದು ಹದಿಮೂರನೇ ತಿಂಗಳಲ್ಲಿ, 85.4. ಇವತ್ತಿಗೆ 86.2. ಹದಿನಾಲ್ಕು ತಿಂಗಳಲ್ಲಿ 23 ಸಲ ತಪ್ಪಿದ್ದಾನೆ. ಇಪ್ಪತ್ಮೂರು! ಹಿಂದಿನ ನಾಲ್ಕು ಪ್ರಯತ್ನಗಳಲ್ಲಿ ತಪ್ಪಿದ್ದು ತಲಾ ಒಂದೇ ಸಲ. ಕಾಲಂ ಹೀಗೆ ಶುರುವಾಗುತ್ತೆ: 11, 6, 7, 3, 4, 2. ಮಧ್ಯೆ ಜ್ವರ ಬಂದಾಗ ಒಂದು 8 ಇದೆ, ಅದರ ಪಕ್ಕ "ಇದು ಲೆಕ್ಕಕ್ಕಿಲ್ಲ" ಅಂತ ಅವನೇ ಬರೆದು, ಆಮೇಲೆ ತಾನೇ ಹೊಡೆದು ಹಾಕಿದ್ದಾನೆ. ಕೊನೆಯ ಹತ್ತರಲ್ಲಿ ಹೆಚ್ಚಿನವು 1 ಮತ್ತು 2.

ಕಳೆದ ವಾರ ಆಫೀಸಿನಲ್ಲಿ ವರ್ಷದ ಕೊನೆಯ ಕೆಲಸ, ಎರಡು ದಿನ ತಪ್ಪಿತ್ತು. ಮೂರನೇ ದಿನ ರಾತ್ರಿ ನಾನು ಅವನ ಮನೆಯಲ್ಲೇ ಇದ್ದೆ. ಒಂಬತ್ತೂವರೆಗೆ ಬಂದ. ಬ್ಯಾಗ್ ಸ್ಟೂಲ್ ಮೇಲಿಟ್ಟ, ಒಂದು ಕ್ಷಣ ಸೋಫಾ ಕಡೆ ನೋಡಿದ. ಊಟಕ್ಕೆ ತಟ್ಟೆ ಹಾಕಿದ್ದ ಅತ್ತಿಗೆ, "ಇವತ್ತು ಬಿಡಿ, ಸುಸ್ತಾಗಿದ್ದೀರಿ" ಅಂದರು. "ಹತ್ತೇ ನಿಮಿಷ" ಅಂತ ಹೊರಟವನು ಬಂದದ್ದು ಹದಿನಾಲ್ಕು ನಿಮಿಷಕ್ಕೆ. ಶೂ ಬಿಚ್ಚುವ ಮೊದಲೇ ನೋಟ್‌ಬುಕ್ ತೆಗೆದು 2 ಅಂತ ಬರೆದ. ಮೇಲಿನ ಸಾಲಿನಲ್ಲಿ 1 ಇತ್ತು. ಎರಡನ್ನೂ ನೋಡಿ ಮುಖ ಹಿಂಡಿದ, ಪೆನ್ನಿನ ಮುಚ್ಚಳ ಹಾಕಿ, "ಸಾರು ಬಿಸಿ ಇದೆಯಾ?" ಅಂತ ಕೇಳುತ್ತಾ ಕೈ ತೊಳೆಯಲು ಹೋದ.